ನನ್ನ ಶೀಟ್‌ನಲ್ಲಿ ಗಾರ್ಡ್‌ಗಳಿಗೆ ಕಾಲಂ ಇರಲಿಲ್ಲ

ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ನಾವು ಆರು ಜನ ಗೆಳೆಯರು ಒಂದೊಂದು ಚೀಟಿ ಬರೆದು ಹಳೇ ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತೇವೆ. ಎಲ್ಲರೂ ಕರ್ನಾಟಕದವರು, ಎಲ್ಲರೂ ಅಮೆರಿಕದ ಶಾರ್ಲೆಟ್‌ನಲ್ಲಿ ಕೆಲಸಕ್ಕೆ ಇರುವವರು. ಚೀಟಿಯಲ್ಲಿ ನಾಲ್ಕೋ ಆರೋ ಕಾಲೇಜು ಹುಡುಗರ ಹೆಸರು ಇರುತ್ತೆ, ಒಳ್ಳೆಯವನು ಮೊದಲು. ಎಲ್ಲರೂ ಆ ವರ್ಷ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆ, ಅಂದರೆ ಹೊಸ ಆಟಗಾರರ ಆಯ್ಕೆಗೆ, ಬಂದಿರುವ ಕ್ವಾರ್ಟರ್‌ಬ್ಯಾಕ್‌ಗಳು, ತಂಡಕ್ಕೆ ಚೆಂಡು ಎಸೆಯುವವರು. ಮುಂದಿನ ಫೆಬ್ರವರಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಭಾನುವಾರ, ಬಾಟಲಿ ಮುಚ್ಚಳ ತೆಗೆಯುವುದು. ಯಾರ ಪಟ್ಟಿ ಎಲ್ಲರಿಗಿಂತ ತಲೆಕೆಳಗಾಗಿದೆಯೋ ಅವರು ಉಳಿದವರಿಗೆ ಬಿಸಿಬೇಳೆ ಬಾತ್ ಮಾಡಿ ಹಾಕಬೇಕು.

2024ರ ಫೆಬ್ರವರಿಯಲ್ಲಿ ಒಲೆ ಮುಂದೆ ನಿಂತಿದ್ದವನು ನಾನು. ಆರು ಜನರಲ್ಲಿ ಎಲ್ಲರಿಗಿಂತ ಜಾಸ್ತಿ ಆಟ ನೋಡಿ, ಎಲ್ಲರಿಗಿಂತ ಉದ್ದದ ಲೆಕ್ಕ ಇಟ್ಟವನೂ ನಾನೇ.

ಲೆಕ್ಕ ಇಡುವ ಚಟ ಹಳೆಯದು. ಮೈಸೂರಿನಲ್ಲಿ ಓದುವಾಗ ಕ್ಲಬ್ ಕ್ರಿಕೆಟ್ ಮ್ಯಾಚ್‌ಗಳಿಗೆ ಸ್ಕೋರರ್ ಆಗಿ ಕೂರುತ್ತಿದ್ದೆ. ಸ್ಲಿಪ್‌ನಲ್ಲಿ ಕ್ಯಾಚ್ ಬಿಟ್ಟರೆ ಸ್ಕೋರ್‌ಬುಕ್‌ನಲ್ಲಿ ಬೌಲರ್‌ಗೆ ಏನೂ ಸಿಗಲ್ಲ. ನನಗೆ ಅದು ಅನ್ಯಾಯ ಅನ್ನಿಸಿ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. 2015ರಲ್ಲಿ ಶಾರ್ಲೆಟ್‌ಗೆ ಬಂದೆ. ಆ ವರ್ಷ ಇಲ್ಲಿನ ತಂಡ ಕ್ಯಾರೊಲೈನಾ ಪ್ಯಾಂಥರ್ಸ್ 16 ಪಂದ್ಯದಲ್ಲಿ 15 ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್ ವರ್ಷದ ಶ್ರೇಷ್ಠ ಆಟಗಾರನಾದ. ಸೂಪರ್ ಬೌಲ್‌ನಲ್ಲಿ ಡೆನ್ವರ್ ಎದುರು ಸೋತೆವು, ಸರಿ, ಆದರೆ ನಾನು ಈ ಆಟಕ್ಕೆ ಬಿದ್ದೆ. ಪ್ರತಿ ವರ್ಷ ಹೀಗೇ ಇರುತ್ತೆ ಅಂದುಕೊಂಡಿದ್ದೆ.

ಇರಲಿಲ್ಲ. 2020ರ ಮಾರ್ಚ್‌ನಲ್ಲಿ ನ್ಯೂಟನ್‌ನನ್ನು ಬಿಟ್ಟರು. ಆಮೇಲೆ 2020ಕ್ಕೆ ಟೆಡ್ಡಿ ಬ್ರಿಜ್‌ವಾಟರ್, 2021ಕ್ಕೆ ಸ್ಯಾಮ್ ಡಾರ್ನಾಲ್ಡ್, 2022ಕ್ಕೆ ಬೇಕರ್ ಮೇಫೀಲ್ಡ್. ವರ್ಷಕ್ಕೊಬ್ಬ ಬಾಡಿಗೆದಾರ ಬಂದ ಹಾಗೆ. ಕೊನೆಗೆ 2023ರಲ್ಲಿ ತಂಡದವರಿಗೂ ಸಾಕಾಯಿತು, ನಮಗೂ ಸಾಕಾಗಿತ್ತು.

ಐಪಿಎಲ್ ಮಾತ್ರ ಗೊತ್ತಿರುವವರಿಗೆ ಒಂದು ಮಾತು. ಡ್ರಾಫ್ಟ್ ಅಂದರೆ ಹರಾಜು ಅಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಒಟ್ಟು ಏಳು ಸುತ್ತು. ಸರದಿಯನ್ನೇ ಮಾರಬಹುದು, ಕೊಳ್ಳಬಹುದು. ಹೊಸ ಹುಡುಗರ ಸಂಬಳ ಹೆಚ್ಚುಕಡಿಮೆ ಸರದಿಯ ಮೇಲೇ ನಿಂತಿರುತ್ತೆ. ಎಲ್ಲ 32 ತಂಡಕ್ಕೂ ಸಂಬಳದ ಮಿತಿ ಒಂದೇ, 2023ರಲ್ಲಿ ಅದು 22.48 ಕೋಟಿ ಡಾಲರ್ ಇತ್ತು. 2010ರಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿದ್ದ. ಮರುವರ್ಷ ನಿಯಮ ಬದಲಾಯಿತು. ಮೊದಲನೆಯವನಾಗಿ ಬಂದ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಅಲ್ಲಿಂದ ಲೆಕ್ಕವೇ ಬೇರೆಯಾಯಿತು. ಒಳ್ಳೆಯ ಹೊಸ ಕ್ವಾರ್ಟರ್‌ಬ್ಯಾಕ್ ಸಿಕ್ಕಿದರೆ ನಾಲ್ಕು ವರ್ಷ ಅಗ್ಗದಲ್ಲಿ ಇರುತ್ತಾನೆ, ಉಳಿದ ದುಡ್ಡನ್ನು ಬೇರೆಯವರ ಮೇಲೆ ಸುರಿಯಬಹುದು. ಇದನ್ನು ನಾನು ಬಾಯಿಪಾಠ ಒಪ್ಪಿಸಬಲ್ಲವನಾಗಿದ್ದೆ. ಆದರೂ ಇದಕ್ಕೂ ನನ್ನ ಚೀಟಿಗೂ ಏನು ಸಂಬಂಧ ಅಂತ ಹೊಳೆದಿರಲಿಲ್ಲ.

2023ರ ಮಾರ್ಚ್ 10, ಶುಕ್ರವಾರ. ಪ್ಯಾಂಥರ್ಸ್ 9ನೇ ಸರದಿಯಿಂದ 1ನೇ ಸರದಿಗೆ ಜಿಗಿಯಿತು. ಬದಲಿಗೆ ಶಿಕಾಗೊ ಬೇರ್ಸ್‌ಗೆ ಕೊಟ್ಟಿದ್ದು 9ನೆಯದು, 61ನೆಯದು, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೇ ಸುತ್ತಿನ ಸರದಿ, ಇದೆಲ್ಲದರ ಮೇಲೆ ಡಿ.ಜೆ. ಮೂರ್. ಮೂರ್ ಆಗ ನಮ್ಮ ತಂಡದಲ್ಲಿ ಚೆಂಡು ಹಿಡಿಯುವವರಲ್ಲೇ ಒಳ್ಳೆಯವನು. ಆ ಸಂಜೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಬ್ಬ. ನಾನೂ ಕುಣಿದೆ. ಹೊಸ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಯಾರಿಗೆ ಎಸೆಯಬೇಕು ಅಂತ ಒಬ್ಬರೂ ಕೇಳಲಿಲ್ಲ.

ಮರುದಿನದಿಂದ ನನ್ನ ಕೆಲಸ ಶುರು. ನನ್ನ ಪದ್ಧತಿ ಹೀಗೆ. ಹೈಲೈಟ್ಸ್ ಮುಟ್ಟುವುದಿಲ್ಲ, ಅದರಲ್ಲಿ ತಪ್ಪಿದ ಎಸೆತ ಇರುವುದೇ ಇಲ್ಲ. ಒಬ್ಬ ಹುಡುಗನಿಗೆ ನಾಲ್ಕು ಪೂರ್ತಿ ಪಂದ್ಯ: ಒಂದು ಗಟ್ಟಿ ಎದುರಾಳಿ, ಒಂದು ಅವನು ಸೋತಿದ್ದು, ಒಂದು ಸೀಸನ್ ಶುರುವಿನದು, ಒಂದು ಕೊನೆಯದು. ಧ್ವನಿ ಪೂರ್ತಿ ಬಂದ್. ಕಾಮೆಂಟರಿ ಹೇಳುವವರು ಒಮ್ಮೆ ಹೊಗಳಿದರೆ ನನ್ನ ಕಣ್ಣು ಅದನ್ನೇ ನೋಡುತ್ತೆ. ಒಂದೊಂದು ಪ್ಲೇಯನ್ನೂ, ಅಂದರೆ ಚೆಂಡು ಆಟಕ್ಕೆ ಬಂದು ಮತ್ತೆ ನಿಲ್ಲುವವರೆಗಿನ ಒಂದೊಂದು ಯತ್ನವನ್ನೂ, ಮೂರು ಸಲ ಓಡಿಸುತ್ತೇನೆ. ಮೊದಲ ಸಲ ಚೆಂಡು. ಎರಡನೇ ಸಲ ಅವನ ಪಾದ. ಮೂರನೇ ಸಲ ಹೆಲ್ಮೆಟ್, ಅಂದರೆ ಅವನು ಎತ್ತ ನೋಡುತ್ತಿದ್ದಾನೆ ಅನ್ನುವುದು. ಟಿವಿ ಕ್ಯಾಮೆರಾದಲ್ಲಿ ದೂರ ಓಡಿದ ಆಟಗಾರ ಚೌಕಟ್ಟಿನಿಂದ ಆಚೆ ಹೋಗಿಬಿಡುತ್ತಾನೆ. ಹಾಗಾಗಿ ಯಾರು ಖಾಲಿ ಇದ್ದರು, ಇವನು ಯಾರನ್ನು ನೋಡದೆ ಬಿಟ್ಟ ಅನ್ನುವುದು ಎಷ್ಟೋ ಸಲ ಗೊತ್ತಾಗಲ್ಲ. ಗೊತ್ತಾಗದಿದ್ದರೆ ಖಾಲಿ ಬಿಡುತ್ತೇನೆ. ಊಹೆ ಮಾಡಿ ತುಂಬಿದ ಶೀಟ್ ಖಾಲಿ ಶೀಟ್‌ಗಿಂತ ಕೆಟ್ಟದ್ದು.

ಶೀಟ್‌ನ ಕಾಲಂಗಳು: ಎಷ್ಟನೇ ಡೌನ್ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಯಾರ್ಡ್ ಬೇಕಿತ್ತು, ಎಷ್ಟು ದೂರ ಎಸೆದ, ಮೇಲೆ ಒತ್ತಡ ಇತ್ತಾ, ಮೊದಲು ನೋಡಿದವನಿಗೇ ಎಸೆದನಾ ಅಥವಾ ಎರಡನೆಯವನ ಕಡೆ ತಿರುಗಿದನಾ, ಚೆಂಡು ಎಲ್ಲಿ ಬಂತು. ಕೊನೆಯ ಕಾಲಂ ಮೇಲೆ ನನಗೆ ಜಾಸ್ತಿ ಪ್ರೀತಿ. ಓಡುತ್ತಿರುವವನು ನಿಂತು, ಹಿಂದೆ ತಿರುಗಿ ಹಿಡಿದರೆ ಅದು ದಾಖಲೆಯಲ್ಲಿ ಒಳ್ಳೆಯ ಪಾಸ್, ನನ್ನ ಶೀಟ್‌ನಲ್ಲಿ ಕೆಟ್ಟ ಎಸೆತ. ಎದೆಗೆ ಬಂದ ಚೆಂಡನ್ನು ಅವನು ಬಿಟ್ಟರೆ ನನ್ನ ಶೀಟ್‌ನಲ್ಲಿ ಒಳ್ಳೆಯದು. ಅದೇ ಪೆನ್ಸಿಲ್ ಚುಕ್ಕಿ. ಪ್ಲೇ ಶುರುವಾಗುವ ಗೆರೆಯ ಹಿಂದೆಯೇ ಪಕ್ಕಕ್ಕೆ ಕೊಡುವ ಸ್ಕ್ರೀನ್ ಪಾಸ್‌ಗಳನ್ನು ಲೆಕ್ಕದಿಂದ ತೆಗೆಯುತ್ತೇನೆ, ಅದು ನಮ್ಮ ಪಕ್ಕದ ಮನೆಯವರೂ ಎಸೆಯಬಲ್ಲರು. ಇನ್ನೊಂದು ಲೆಕ್ಕ ಸ್ಯಾಕ್‌ನದು. ಒತ್ತಡ ಬಂದ ಸಲಗಳಲ್ಲಿ ಎಷ್ಟು ಸಲ ಚೆಂಡು ಹಿಡಿದುಕೊಂಡೇ ನೆಲಕ್ಕೆ ಬಿದ್ದ? ಈ ಚಾಳಿ ಕಾಲೇಜಿನಿಂದ ಮೇಲಕ್ಕೂ ಜೊತೆಗೇ ಬರುತ್ತೆ ಅನ್ನುತ್ತಾರೆ ಬಲ್ಲವರು.

ಹೀಗೆ ಒಂದು ಪಂದ್ಯಕ್ಕೆ ಎರಡು ರಾತ್ರಿ. ನಾಲ್ವರು ಹುಡುಗರಿಗೆ ಏಪ್ರಿಲ್ ಪೂರ್ತಿ ಹೋಯಿತು.

ಆ ನಾಲ್ವರು: ಅಲಬಾಮಾದ ಬ್ರೈಸ್ ಯಂಗ್, ಒಹಾಯೊ ಸ್ಟೇಟ್‌ನ ಸಿ.ಜೆ. ಸ್ಟ್ರೌಡ್, ಫ್ಲಾರಿಡಾದ ಆ್ಯಂಥನಿ ರಿಚರ್ಡ್‌ಸನ್, ಕೆಂಟಕಿಯ ವಿಲ್ ಲೆವಿಸ್. ಲೆವಿಸ್ ಬಗ್ಗೆ ಹೇಳುವುದು ಹೆಚ್ಚಿಲ್ಲ, ತೋಳು ದೊಡ್ಡದು, ನಿರ್ಧಾರ ನಿಧಾನ. ರಿಚರ್ಡ್‌ಸನ್‌ನನ್ನು ನೋಡುವುದೇ ಒಂದು ಮಜಾ. ಆರಡಿ ನಾಲ್ಕಿಂಚು, 244 ಪೌಂಡ್, 40 ಯಾರ್ಡ್ ಓಟ 4.43 ಸೆಕೆಂಡ್! ಆದರೆ ಕಾಲೇಜಿನಲ್ಲಿ ಶುರುವಿನಿಂದ ಆಡಿದ್ದು ಬರೀ 13 ಪಂದ್ಯ, ಕೊನೆ ವರ್ಷ ಎಸೆದದ್ದರಲ್ಲಿ ಗುರಿ ಸೇರಿದ್ದು 53.8 ಶೇಕಡ. ಮೂರನೆಯವನಾಗಿ ಬರೆದೆ.

ಮೊದಲ ಎರಡು ಸ್ಥಾನಕ್ಕೆ ನಿದ್ದೆಗೆಟ್ಟೆ. ಯಂಗ್ ಅಳತೆ ಐದಡಿ ಹತ್ತಿಂಚು, 204 ಪೌಂಡ್. ಈ ಆಟದಲ್ಲಿ ಅದು ಚಿಕ್ಕ ಹುಡುಗನ ಮೈಕಟ್ಟು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಎದುರು ಆಡಿದ ಪಂದ್ಯದ ಕೊನೆ ನಿಮಿಷ ನೋಡಬೇಕು. ಮೇಲೆ ಬಿದ್ದವನಿಂದ ಮೀನಿನ ಹಾಗೆ ಜಾರಿ ಮುಂದೆ ಓಡಿದ. ಆಮೇಲೆ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ ಅಂಕ), 20-19ರಲ್ಲಿ ಗೆಲುವು. ಆ ಒಂದು ಪ್ಲೇಯನ್ನು ಮೂರಲ್ಲ, ಹದಿನೈದು ಸಲ ಓಡಿಸಿರಬೇಕು. ನಿಯಮ ಮುರಿದಿದ್ದು ಅಲ್ಲೇ.

ಸ್ಟ್ರೌಡ್ ಎಸೆತ ಅವನಿಗಿಂತ ಚೊಕ್ಕ. ನನ್ನ ಕೊನೆಯ ಕಾಲಂನಲ್ಲಿ ಅವನದೇ ಜಾಸ್ತಿ ಅಂಕ. ಆದರೆ ಒಹಾಯೊದಲ್ಲಿ ಅವನ ಮುಂದಿದ್ದ ಲೈನ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐದು ಜನ) ಎಷ್ಟು ಗಟ್ಟಿ ಅಂದರೆ ಬಟ್ಟೆ ಕೊಳೆಯಾಗದೆ ಮನೆಗೆ ಹೋಗುತ್ತಿದ್ದ. ಕಷ್ಟ ಬಂದರೆ ಏನು ಮಾಡುತ್ತಾನೆ? 2022ರ ಡಿಸೆಂಬರ್ 31ರ ಜಾರ್ಜಿಯಾ ಪಂದ್ಯದಲ್ಲಿ ಉತ್ತರ ಇತ್ತು. ಒತ್ತಡದಲ್ಲೂ ನಾಲ್ಕು ಟಚ್‌ಡೌನ್ (ಎದುರಾಳಿಯ ಕೊನೆ ಗೆರೆ ದಾಟಿ ಗಳಿಸುವ ಅಂಕ) ಎಸೆದ, ತಂಡ ಸೋತಿದ್ದು 42-41ರಲ್ಲಿ. ನಾನು ಅದನ್ನು ಒಂದು ದಿನದ ಅದೃಷ್ಟ ಅಂತ ಪಕ್ಕಕ್ಕೆ ಇಟ್ಟೆ. ಡ್ರಾಫ್ಟ್‌ಗೆ ಮುಂಚೆ ಎಷ್ಟು ಬೇಗ ನೋಡಿ ನಿರ್ಧರಿಸುತ್ತಾನೆ ಅಂತ ಅಳೆಯುವ ಎಸ್2 ಅನ್ನುವ ಪರೀಕ್ಷೆಯಲ್ಲಿ ಅವನಿಗೆ ತೀರಾ ಕಡಿಮೆ ಬಂದಿದೆ ಅಂತ ಸುದ್ದಿ ಸೋರಿತು. ಇಂಥದ್ದಕ್ಕೆಲ್ಲ ಬೆಲೆ ಕೊಡಬಾರದು ಅಂದುಕೊಂಡೆ. ಕೊಟ್ಟೆ.

ಯಂಗ್ ಒಂದು, ಸ್ಟ್ರೌಡ್ ಎರಡು. ಚೀಟಿ ಬಾಟಲಿಗೆ ಬಿತ್ತು. ಏಪ್ರಿಲ್ 27ರಂದು ಕ್ಯಾನ್ಸಸ್ ಸಿಟಿಯಲ್ಲಿ ತಂಡಗಳೂ ಅದೇ ಕ್ರಮದಲ್ಲಿ ಆರಿಸಿದವು. ನಾನು ಸ್ವಲ್ಪ ಬೀಗಿದೆ.

ಆ ಸೀಸನ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತೆ. ಯಂಗ್‌ನನ್ನು 62 ಸಲ ಸ್ಯಾಕ್ ಮಾಡಿದರು. ತಂಡ ಗೆದ್ದಿದ್ದು 17ರಲ್ಲಿ ಎರಡು. ನವೆಂಬರ್‌ನಲ್ಲೇ ಕೋಚ್ ಫ್ರಾಂಕ್ ರೈಕ್ ಕೆಲಸ ಹೋಯಿತು, ಬಂದು ಒಂದು ವರ್ಷವೂ ಆಗಿರಲಿಲ್ಲ. ಸ್ಟ್ರೌಡ್ ಹ್ಯೂಸ್ಟನ್‌ನಲ್ಲಿ 4,108 ಯಾರ್ಡ್ ಎಸೆದು, 23 ಟಚ್‌ಡೌನ್‌ಗೆ ಬರೀ 5 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ಕೊಟ್ಟು, ತಂಡವನ್ನು ಪ್ಲೇಆಫ್‌ಗೆ ಒಯ್ದ. ನಾವು ಶಿಕಾಗೊಗೆ ಕೊಟ್ಟಿದ್ದ 2024ರ ಸರದಿ ಏನಾಯಿತು ಗೊತ್ತಾ? ನಾವೇ ಕೊನೆಯವರಾದ್ದರಿಂದ ಅದೇ ಮೊದಲ ಸರದಿಯಾಯಿತು. ಅದರಲ್ಲಿ ಅವರು ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್‌ನನ್ನು ತಗೊಂಡರು.

ನನ್ನ ಮಗನಿಗೆ ಆಗ 13 ವರ್ಷ. ಶಾಲೆ ತಂಡದಲ್ಲಿ ಗಾರ್ಡ್. ಗಾರ್ಡ್ ಅಂದರೆ ಕ್ವಾರ್ಟರ್‌ಬ್ಯಾಕ್ ಮುಂದೆ ನಿಲ್ಲುವ ಐದು ಜನರಲ್ಲಿ ನಡುವಿನವನ ಅಕ್ಕಪಕ್ಕದ ಇಬ್ಬರು. ಚೆಂಡು ಮುಟ್ಟುವುದಿಲ್ಲ, ಹೆಸರು ಬರುವುದಿಲ್ಲ. ಡಿಸೆಂಬರ್‌ನ ಒಂದು ಭಾನುವಾರ ನಾನು ಯಂಗ್ ಪಾದ ನೋಡುತ್ತಾ, ಹಿಂದೆ ಹಿಂದೆ ಸರಿಯುತ್ತಾನಲ್ಲ, ಹೆದರುಪುಕ್ಕಲನಾಗಿಬಿಟ್ಟ ಅಂತ ಗೊಣಗುತ್ತಿದ್ದೆ.

"ಅಪ್ಪ, ನೀನು ಅವನೊಬ್ಬನನ್ನೇ ನೋಡ್ತೀಯ. ಅವನ ಮುಂದೆ ನೋಡು," ಅಂದ.

"ಏನಿದೆ ಅಲ್ಲಿ?"

"ಏನೂ ಇಲ್ಲ. ಅದೇ."

ಹಳೆಯ ಪಂದ್ಯಗಳನ್ನು ಮತ್ತೆ ಹಾಕಿ ನಾಲ್ಕನೇ ಸಲ ಓಡಿಸಿದೆವು, ಈ ಸಲ ಗಾರ್ಡ್‌ಗಳಿಗೋಸ್ಕರ. ಆಸ್ಟಿನ್ ಕಾರ್ಬೆಟ್ ಹಿಂದಿನ ಸೀಸನ್‌ನ ಕೊನೆ ಪಂದ್ಯದಲ್ಲೇ ಮಂಡಿ ಮುರಿದುಕೊಂಡಿದ್ದ. ಬ್ರೇಡಿ ಕ್ರಿಸ್ಟೆನ್ಸನ್ ಮೊದಲ ಪಂದ್ಯದಲ್ಲೇ ತೋಳಿನ ಸ್ನಾಯು ಹರಿದುಕೊಂಡು ಹೊರಗೆ. ಆಮೇಲೆ ಆ ಎರಡು ಜಾಗಕ್ಕೆ ಯಾರು ಬಂದರು, ಯಾರು ಹೋದರು, ನನಗಂತೂ ಲೆಕ್ಕ ತಪ್ಪಿತು. ಅಕ್ಕಪಕ್ಕದಿಂದ ಬರುವ ಒತ್ತಡವನ್ನು ಒಂದು ಹೆಜ್ಜೆ ಮುಂದೆ ಇಟ್ಟು ತಪ್ಪಿಸಿಕೊಳ್ಳಬಹುದು. ನೇರ ಎದುರಿನಿಂದ ಬಂದರೆ ಮುಂದೆ ಹೆಜ್ಜೆ ಇಡಲು ಜಾಗವೇ ಇಲ್ಲ. ಆರಡಿ ಮೂರಿಂಚಿನವನು ಆಗಲೂ ತಲೆ ಮೇಲಿಂದ ನೋಡಿ ಎಸೆಯುತ್ತಾನೆ. ಐದಡಿ ಹತ್ತಿಂಚಿನವನಿಗೆ ಕಾಣುವುದು ಎದುರಾಳಿಯ ಎದೆ ಮಾತ್ರ. ಹಿಂದೆ ಸರಿಯದೆ ಏನು ಮಾಡಬೇಕು ಅವನು? ಎತ್ತರವನ್ನು ನಾನು ಒಂದು ಕೊರತೆ ಅಂತ ಬರೆದು, ಎರಡು ಅಂಕ ಕಳೆದು ಮುಂದೆ ಹೋಗಿದ್ದೆ. ಈ ಎತ್ತರದವನನ್ನು ತಗೊಂಡರೆ ಮೊದಲು ಇಬ್ಬರು ಗಾರ್ಡ್‌ಗಳನ್ನು ಕೊಳ್ಳಬೇಕು ಅಂತ ಅದನ್ನು ಓದಬೇಕಿತ್ತು.

ಪೂರ್ತಿ ಸುಲಭದ ಕಥೆ ಅಲ್ಲ ಇದು. ಹ್ಯೂಸ್ಟನ್ ಲೈನ್‌ನಲ್ಲೂ ಆ ವರ್ಷ ಗಾಯಾಳುಗಳು ಕಡಿಮೆ ಇರಲಿಲ್ಲ, ಆದರೂ ಸ್ಟ್ರೌಡ್ ಆಡಿದ. ಮಗನ ಹತ್ತಿರ ಇದಕ್ಕೆ ಉತ್ತರ ಇಲ್ಲ, ನನ್ನ ಹತ್ತಿರ ಇದೆ: ಸ್ಟ್ರೌಡ್ ಮೇಲೆ ನಾನು ಸುಮ್ನೆ ಅನುಮಾನ ಪಟ್ಟೆ. ಎರಡು ತಪ್ಪು ಒಟ್ಟಿಗೆ ಮಾಡಿದ್ದೆ ಅಷ್ಟೇ.

2024ರ ಆಫ್‌ಸೀಸನ್‌ನಲ್ಲಿ ಎರಡನೇ ಶೀಟ್ ಶುರುವಾಯಿತು. ಹುಡುಗನಿಗೆ ಒಂದು, ಅವನು ಹೋಗಬಹುದಾದ ತಂಡಕ್ಕೆ ಒಂದು. ಲೈನ್‌ನ ಐದು ಹೆಸರು, ಅವರ ವಯಸ್ಸು, ಗಾಯದ ಚರಿತ್ರೆ, ಒಪ್ಪಂದ ಯಾವಾಗ ಮುಗಿಯುತ್ತೆ, ಚೆಂಡು ಹಿಡಿಯುವವರಲ್ಲಿ ನಂಬಬಹುದಾದವರು ಎಷ್ಟು, ಕೋಚ್ ಕುರ್ಚಿ ಗಟ್ಟಿ ಇದೆಯಾ. ಮಾರ್ಚ್‌ನಲ್ಲಿ ಆಟಗಾರರ ಕೊಳ್ಳುವಿಕೆ ಶುರುವಾದಾಗ ಇದನ್ನು ತುಂಬಬೇಕು, ಏಪ್ರಿಲ್‌ವರೆಗೆ ಕಾಯಬಾರದು. ಆ ಮಾರ್ಚ್‌ನಲ್ಲಿ ಪ್ಯಾಂಥರ್ಸ್ ಮಾಡಿದ ದೊಡ್ಡ ಕೆಲಸ ಏನು? ಇಬ್ಬರು ಗಾರ್ಡ್‌ಗಳು. ರಾಬರ್ಟ್ ಹಂಟ್‌ಗೆ ಐದು ವರ್ಷಕ್ಕೆ 10 ಕೋಟಿ ಡಾಲರ್, ಡೇಮಿಯನ್ ಲೂಯಿಸ್‌ಗೆ ನಾಲ್ಕು ವರ್ಷಕ್ಕೆ 5.3 ಕೋಟಿ. ಗಾರ್ಡ್‌ಗೆ ಇಷ್ಟಾ ಅಂತ ಗುಂಪಿನಲ್ಲಿ ನಗು. ಮಗ ಅವತ್ತು ಊಟಕ್ಕೆ ಕೂತಾಗ ಎದೆ ಉಬ್ಬಿಸಿಕೊಂಡಿದ್ದ.

ಎರಡು ಪಂದ್ಯ ಆದ ಮೇಲೆ ಯಂಗ್‌ನನ್ನು ಬೆಂಚಿನಲ್ಲಿ ಕೂರಿಸಿದರು, ಅದೂ ನಿಜ. ಅಕ್ಟೋಬರ್ ಕೊನೆಗೆ ವಾಪಸ್ ಬಂದ ಮೇಲೆ ಬೇರೆಯೇ ಹುಡುಗ. ಸೀಸನ್‌ನ ಕೊನೆ ಪಂದ್ಯದಲ್ಲಿ ಅಟ್ಲಾಂಟಾವನ್ನು ಓವರ್‌ಟೈಮ್‌ನಲ್ಲಿ 44-38ಕ್ಕೆ ಸೋಲಿಸಿದಾಗ ಮೂರು ಟಚ್‌ಡೌನ್ ಎಸೆದ, ಎರಡು ತಾನೇ ಓಡಿ ಹಾಕಿದ. ಅದೇ ವರ್ಷ ನಾವು ಬಿಟ್ಟ ಡಾರ್ನಾಲ್ಡ್ ಮಿನೆಸೊಟಾದಲ್ಲಿ 14 ಪಂದ್ಯ ಗೆದ್ದ. ನಾವು ಬಿಟ್ಟ ಮೇಫೀಲ್ಡ್ ಟ್ಯಾಂಪಾವನ್ನು ಪ್ಲೇಆಫ್‌ಗೆ ಒಯ್ದ. ತೋಳುಗಳು ಅವೇ, ಶಾರ್ಲೆಟ್‌ನಲ್ಲಿ ನಮ್ಮ ಬೈಗುಳ ತಿಂದವು.

ಇಷ್ಟೆಲ್ಲ ಆದರೂ 2024ರ ಚೀಟಿಯೂ ಕೆಟ್ಟಿತು. ಮೊದಲ 12 ಸರದಿಯಲ್ಲೇ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದ ವರ್ಷ ಅದು. ಜೇಡನ್ ಡೇನಿಯಲ್ಸ್ ಕಾಲೇಜಿನಲ್ಲಿ ಒತ್ತಡ ಬಂದಾಗ ಜಾಸ್ತಿ ಸ್ಯಾಕ್ ಆಗುತ್ತಿದ್ದ ಅಂತ ನಾಲ್ಕನೆಯವನಾಗಿ ಬರೆದೆ. ಅವನು ವಾಷಿಂಗ್ಟನ್‌ಗೆ 12 ಪಂದ್ಯ ಗೆದ್ದುಕೊಟ್ಟ. ಬೋ ನಿಕ್ಸ್ ಸುಲಭದ ಎಸೆತಗಳ ಹುಡುಗ ಅಂತ ಆರನೆಯವನನ್ನಾಗಿ ಮಾಡಿದ್ದೆ, ಡೆನ್ವರ್ ಪ್ಲೇಆಫ್‌ಗೆ ಹೋಯಿತು. ಡೆನ್ವರ್ ಲೈನ್ ಚೆನ್ನಾಗಿದೆ ಅಂತ ನನ್ನದೇ ಎರಡನೇ ಶೀಟ್‌ನಲ್ಲಿ ಬರೆದಿತ್ತು. ಬರೆದಿದ್ದೆ, ಸೇರಿಸಿ ಓದಿರಲಿಲ್ಲ. ಮತ್ತೆ ಬಿಸಿಬೇಳೆ ಬಾತ್. ಈ ಸಲ ಹುಣಸೆಹುಳಿ ಸ್ವಲ್ಪ ಮುಂದಾಯಿತು ಅಂತ ದೂರು ಬೇರೆ.

2025ರ ಏಪ್ರಿಲ್‌ಗೆ ಎರಡೂ ಶೀಟ್ ಒಂದೇ ಮಾಡಿದೆ. ಶೆಡೂರ್ ಸ್ಯಾಂಡರ್ಸ್ ಚೆಂಡು ಹಿಡಿದುಕೊಂಡು ಹಿಂದಕ್ಕೆ ಓಡುವುದು ನೋಡಿ ಅವನನ್ನು ಕೆಳಗೆ ಹಾಕಿದೆ. ಆದರೆ 144ನೇ ಸರದಿವರೆಗೆ ಕಾಯುತ್ತಾನೆ ಅಂತ ನಾನೂ ಎಣಿಸಿರಲಿಲ್ಲ. ಗಾರ್ಡ್ ಕಾಲಂ ಈಗ ಮಗನಿಗೆ ಬಿಟ್ಟಿದ್ದೇನೆ. ಕ್ಯಾಮ್ ವಾರ್ಡ್ ಹೋಗಲಿದ್ದ ಟೆನೆಸಿ ಸಾಲಿನಲ್ಲಿ, ಮಾರ್ಚ್‌ನಲ್ಲಿ ಅವರು ತಂದಿದ್ದ ಕೆವಿನ್ ಝೈಟ್ಲರ್ ಹೆಸರಿನ ಮುಂದೆ, ಅವನು ಬರೆದಿದ್ದು: "ಗಟ್ಟಿ. ಆದರೆ 35 ವಯಸ್ಸು, ಒಂದೇ ವರ್ಷದ ಒಪ್ಪಂದ. ಮುಂದಿನ ವರ್ಷ ಯಾರು?" ನಾನು ವಾರ್ಡ್ ಹೆಸರನ್ನೇ ಮೊದಲು ಬರೆದು ಚೀಟಿ ಮಡಚಿದೆ.