ಡಚ್ಚರು ಮಾಡಿದ ತಪ್ಪಾದರೂ ಏನು?

ನ್ಯೂಜೆರ್ಸಿಗೆ ಬಂದಿಳಿದ ವಾರದಲ್ಲೇ ಕಚೇರಿಯವರು ನಿಮ್ಮನ್ನು ಊಟಕ್ಕೆ ಕರೆದು, ‘ಗೋ ಡಚ್’ ಎಂದರೆ ಗಾಬರಿಯಾಗಬೇಡಿ. ಅವರವರು ತಿಂದದ್ದಕ್ಕೆ ಅವರವರೇ ದುಡ್ಡು ಕೊಡುವುದು, ಅಷ್ಟೇ. ನಮ್ಮೂರಿನಲ್ಲಿ ಬಿಲ್ಲಿಗಾಗಿ ನಡೆಯುವ ಪ್ರೀತಿಯ ಜಗಳ ಇಲ್ಲಿಲ್ಲ.

ಇದನ್ನು ಈಗ ಯಾರೂ ಕೊಂಕಿನಿಂದ ಹೇಳುವುದಿಲ್ಲ. ಆದರೆ ಡಚ್ಚರನ್ನು ಆಡಿಕೊಳ್ಳುವ ಚಟ ಇಂಗ್ಲಿಷರಿಗೆ ಅಂಟಿದ್ದು ಕಡಲ ವ್ಯಾಪಾರದ ಹಗೆಯಿಂದ. 1652ರಿಂದ 1674ರೊಳಗೆ ಇಬ್ಬರ ನಡುವೆ ಮೂರು ಯುದ್ಧಗಳು ನಡೆದವು. ನಾವಿರುವ ಈ ನೆಲವೂ ಪಕ್ಕದ ನ್ಯೂಯಾರ್ಕೂ 1664ರಲ್ಲಿ ಡಚ್ಚರಿಂದ ಇಂಗ್ಲಿಷರ ಪಾಲಾದವು. ಊರು ಗೆದ್ದರೂ ಹೊಟ್ಟೆಯುರಿ ಆರಲಿಲ್ಲವೇನೋ: ಹೆಂಡ ಕುಡಿದರೆ ಬರುವ ಧೈರ್ಯ ‘ಡಚ್ ಕರೇಜ್’, ತಲೆಬುಡ ತಿಳಿಯದ ಮಾತು ‘ಡಬಲ್ ಡಚ್’.

ಹೇಳದೆ ಕೇಳದೆ ಜಾಗ ಖಾಲಿ ಮಾಡಿದರೆ ಅದು ‘ಫ್ರೆಂಚ್ ಲೀವ್’. ಫ್ರೆಂಚರು ಅದನ್ನೇ ‘ಇಂಗ್ಲಿಷರ ಹಾಗೆ ಜಾರಿಕೊಳ್ಳುವುದು’ ಎನ್ನುತ್ತಾರೆ! ಸಿಫಿಲಿಸ್ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರೋಗ, ಫ್ರೆಂಚರ ಬಾಯಲ್ಲಿ ನೇಪಲ್ಸಿನ ರೋಗ. ನಾವೇನು ಕಡಿಮೆ? ಪರಂಗಿಯವರ ಹೆಸರನ್ನು ಹಣ್ಣಿಗೂ ಇಟ್ಟೆವು, ಹುಣ್ಣಿಗೂ ಇಟ್ಟೆವು.

ಇವುಗಳ ಅರ್ಥ ತಿಳಿದಿದ್ದರೆ ಸಾಕು. ಬಾಯಿಗೇ ತರಬಾರದವು ಬೇರೆ ಇವೆ. ಹಳೆಯ ಕಾರು ಕೊಂಡು ಮೋಸಹೋದ ನಾನು, ಕೇಳಿ ಕಲಿತಿದ್ದ ‘ಜಿಪ್ಡ್’, ಅಂದರೆ ಮೋಸಹೋದೆ, ಎಂಬ ಮಾತನ್ನು ಕಾಫಿ ಯಂತ್ರದ ಮುಂದೆ ಜೋರಾಗಿ ಹೇಳಿದ್ದೆ. ಸಹೋದ್ಯೋಗಿಯೊಬ್ಬರು ಲೋಟ ಕೆಳಗಿಟ್ಟು, ‘ನನ್ನ ಅಜ್ಜಿ ರೋಮಾ ಜನಾಂಗದವಳು’ ಎಂದರು. ಆ ಪದ, ರೋಮಾ ಜನರಿಗೆ ಹೊರಗಿನವರು ಇಟ್ಟ ‘ಜಿಪ್ಸಿ’ ಎಂಬ ಹೆಸರಿನಿಂದ ಬಂದದ್ದಂತೆ. ರೋಮಾ ಜನರ ಪೂರ್ವಿಕರು ವಾಯವ್ಯ ಭಾರತದಿಂದ ಹೊರಟವರು ಎಂಬುದು ಮನೆಗೆ ಬಂದು ಓದಿದಾಗ ತಿಳಿಯಿತು. ನಾನು ಬೈದದ್ದು ದೂರದ ದಾಯಾದಿಗಳನ್ನೇ! ಕೊಟ್ಟ ಮಾತಿಗೆ ತಪ್ಪುವುದನ್ನು ‘ವೆಲ್ಷ್’ ಎನ್ನುವುದೂ ಇದೇ ಸಾಲಿನದು. ವೇಲ್ಸಿನವರ ಎದುರು ಮಾತ್ರವಲ್ಲ, ಅವರ ಬೆನ್ನ ಹಿಂದೆಯೂ ಬೇಡ.

‘ಇಂಡಿಯನ್ ಗಿವರ್’ ಮಾತ್ರ ನಿಮ್ಮ ಮಕ್ಕಳ ಕಿವಿಗೆ ಶಾಲೆಯಲ್ಲಿ ಬಿದ್ದೀತು. ಕೊಟ್ಟದ್ದನ್ನು ಮರಳಿ ಕಿತ್ತುಕೊಳ್ಳುವವನು ಎಂದರ್ಥ. ಆ ಇಂಡಿಯನ್ ನಾವಲ್ಲ, ಇಲ್ಲಿನ ಮೂಲನಿವಾಸಿಗಳು. 1765ರ ಹೊತ್ತಿಗೇ ಮ್ಯಾಸಚೂಸೆಟ್ಸಿನಲ್ಲಿ, ಸಮನಾದ ಪ್ರತಿಫಲ ಬಯಸಿ ಕೊಡುವ ಕೊಡುಗೆಗೆ ‘ಇಂಡಿಯನ್ ಗಿಫ್ಟ್’ ಎನ್ನುತ್ತಿದ್ದರು. ಕೊಟ್ಟು ತೆಗೆದುಕೊಂಡು ನಂಟು ಉಳಿಸಿಕೊಳ್ಳುವ ಆ ಜನರ ರೀತಿ ವಲಸೆಗಾರರಿಗೆ ಜಿಪುಣತನವಾಗಿ ಕಂಡಿತು. ನಮ್ಮ ಮದುವೆಮನೆಯ ಮುಯ್ಯಿಯನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ನನ್ನ ಮಗ ಒಂದು ಸಂಜೆ ಚೀಲ ಎಸೆದು, ‘ಅಪ್ಪಾ, ನಾವು ಕೊಟ್ಟದ್ದನ್ನು ಕಿತ್ತುಕೊಳ್ಳುವವರಾ?’ ಎಂದು ಕೇಳಿದ. ಅವನಿಗೆ ಅದು ಯಾರ ಮೇಲಿನ ಮಾತು ಎಂದು ಹೇಳಿ, ಪೆಟ್ಟಿಗೆಯಿಂದ ನಮ್ಮ ಮದುವೆಯ ಮುಯ್ಯಿ ಪುಸ್ತಕ ತೆಗೆದು ತೋರಿಸಿದೆ. ಅಮ್ಮನ ಓರೆ ಅಕ್ಷರದಲ್ಲಿ ಸಾಲುಗಳು: ಸೋದರಮಾವ, 101 ರೂಪಾಯಿ, ಹಿತ್ತಲ ಮನೆಯವರು, ಸ್ಟೀಲಿನ ಕೊಡ. ಮರಳಿಸಿದ ಹೆಸರುಗಳ ಎದುರು ಕೆಂಪು ಗೀಟು. ಅವನು ಬೆರಳಿಟ್ಟು ಎಣಿಸಿದ. ಎರಡು ಹೆಸರುಗಳ ಮುಂದೆ ಇನ್ನೂ ಗೀಟು ಬಿದ್ದಿರಲಿಲ್ಲ.