ಆರ್‌ಒವಿಗೆ ಸೆನ್ಸರ್ ಕೂರಿಸಿದ್ದು: ನನ್ನ ಅನುಭವ

ಸಣ್ಣ ಆರ್‌ಒವಿ, ಅಂದರೆ ದೂರದಿಂದ ನಡೆಸುವ ನೀರೊಳಗಿನ ವಾಹನ, ಕಟ್ಟಲು ಹೊರಟವರು ನನ್ನನ್ನು ಮೊದಲು ಕೇಳುವುದು ಯಾವ ಸೆನ್ಸರ್ ಕೊಳ್ಳಬೇಕು ಅಂತ. ಅದನ್ನು ಎಲ್ಲಿ ಕೂರಿಸುತ್ತೀರಿ, ಪಕ್ಕದಲ್ಲಿ ಏನೇನು ಇರುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಡೇಟಾಶೀಟಿನ ನಿಖರತೆ ಶಾಂತವಾಗಿ ಒಂದೆಡೆ ಕೂತ ಸೆನ್ಸರಿನದು. ನೀರನ್ನು ತಳ್ಳಿ ವಾಹನ ನಡೆಸುವ ಥ್ರಸ್ಟರ್ ತಿರುಗತೊಡಗಿದ ಮೇಲೆ ಲೆಕ್ಕವೇ ಬೇರೆ.

ಆಳ ಅಳೆಯುವುದು ಇದ್ದುದರಲ್ಲಿ ಸುಲಭ. ನೀರಿನಲ್ಲಿ ಪ್ರತಿ 10 ಮೀಟರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ ಏರುತ್ತದೆ. ಅದನ್ನು ಅಳೆದರೆ ಆಳ ಸಿಕ್ಕಿತು. ನಾನು ಹಾಕಿದ್ದು ಎಂಎಸ್5837 ಎಂಬ ಒತ್ತಡದ ಸೆನ್ಸರ್, 30 ಬಾರ್‌ನದು. ಸುಮಾರು 300 ಮೀಟರ್‌ವರೆಗೆ ಸಾಕು. ಸಿಹಿನೀರೋ ಉಪ್ಪುನೀರೋ ಎಂಬುದನ್ನು ತಂತ್ರಾಂಶಕ್ಕೆ ಹೇಳಲೇಬೇಕು, ಸಾಂದ್ರತೆಯಲ್ಲಿ ಶೇ. 2.5ರಷ್ಟು ವ್ಯತ್ಯಾಸವಿದೆ. 40 ಮೀಟರ್ ಆಳದಲ್ಲಿ ಅದೇ ಒಂದು ಮೀಟರ್ ಆಗುತ್ತದೆ.

ನನಗೆ ತಲೆನೋವು ತಂದದ್ದು ಬೇರೆ. ಆಳ ಕಾಯ್ದುಕೊಳ್ಳುವ ಮೋಡ್‌ಗೆ ಹಾಕಿದರೆ ವಾಹನ ನಿಂತಲ್ಲಿ ನಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು. ನಿಯಂತ್ರಣದ ಅಂಕಿಗಳನ್ನು ಎಷ್ಟು ತಿದ್ದಿದರೂ ಅಷ್ಟೇ. ಲಾಗ್ ತೆಗೆದು ಥ್ರಸ್ಟರಿನ ಗ್ರಾಫನ್ನೂ ಆಳದ ಗ್ರಾಫನ್ನೂ ಒಂದರ ಮೇಲೊಂದು ಇಟ್ಟಾಗ ವಿಷಯ ಗೊತ್ತಾಯಿತು: ಲಂಬ ಥ್ರಸ್ಟರ್ ಜೋರಾದ ಕ್ಷಣವೇ ಆಳ ಜಿಗಿಯುತ್ತಿದೆ. ಸೆಕೆಂಡಿಗೆ 2 ಮೀಟರ್ ವೇಗದ ನೀರು ಸೆನ್ಸರಿನ ಬಾಯಿಗೆ ನೇರವಾಗಿ ಬಡಿದರೆ 20 ಮಿಲಿಬಾರ್ ಒತ್ತಡ, ಅಂದರೆ 20 ಸೆಂ.ಮೀ. ಸುಳ್ಳು ಆಳ. ಸೆನ್ಸರನ್ನು ಹಿಂದಿನ ಮುಚ್ಚಳಕ್ಕೆ, ಥ್ರಸ್ಟರಿನ ನೀರು ತಾಗದ ಮೂಲೆಗೆ ಸರಿಸಿದೆ. ಕುಣಿತ ನಿಂತಿತು.

ದಿಕ್ಸೂಚಿಯದು ಇದಕ್ಕಿಂತ ದೊಡ್ಡ ರಗಳೆ. ಅದರೊಳಗೆ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್‌ಗೆ ಭೂಮಿಯ ಕಾಂತಕ್ಷೇತ್ರವೂ ಒಂದೇ, ಥ್ರಸ್ಟರಿಗೆ ಹೋಗುವ ಕರೆಂಟಿನ ಕಾಂತಕ್ಷೇತ್ರವೂ ಒಂದೇ. ಪರೀಕ್ಷೆ ಸರಳ: ವಾಹನವನ್ನು ತೊಟ್ಟಿಯಲ್ಲಿ ಅಲುಗದಂತೆ ಬಿಗಿದು ಕಟ್ಟಿ, ಥ್ರಸ್ಟರ್ ಶಕ್ತಿಯನ್ನು ಹಂತಹಂತವಾಗಿ ಏರಿಸುತ್ತಾ ದಿಕ್ಕಿನ ಅಂಕಿ ನೋಡುವುದು. ವಾಹನ ತಿರುಗದೆ ಅಂಕಿ ಮಾತ್ರ ತಿರುಗಿದರೆ ಕಾರಣ ಕರೆಂಟೇ. ಪ್ಲಸ್, ಮೈನಸ್ ತಂತಿಗಳನ್ನು ಜಡೆಯಂತೆ ಹೊಸೆದುಬಿಟ್ಟರೆ ಎರಡರ ಕ್ಷೇತ್ರಗಳೂ ಬಹುಪಾಲು ಒಂದನ್ನೊಂದು ರದ್ದುಮಾಡುತ್ತವೆ. ದಿಕ್ಸೂಚಿಯ ಬೋರ್ಡನ್ನು ಮೋಟಾರ್ ಕಂಟ್ರೋಲರ್‌ಗಳಿಂದ ಆದಷ್ಟು ದೂರ ಇಟ್ಟೆ. ಭಾರಕ್ಕೆ ಉಕ್ಕಿನ ಬದಲು ಸೀಸ. ಕ್ಯಾಲಿಬ್ರೇಷನ್ ಮಾತ್ರ ಎಲ್ಲವನ್ನೂ ಜೋಡಿಸಿದ ಮೇಲೆಯೇ. ಇಷ್ಟಾದರೂ ಉಕ್ಕಿನ ಕಂಬದ ಪಕ್ಕಕ್ಕೆ ಹೋದರೆ ದಿಕ್ಸೂಚಿಯನ್ನು ನಂಬುವಂತಿಲ್ಲ, ಅಲ್ಲಿ ತಿರುಗುವ ವೇಗ ಅಳೆಯುವ ಗೈರೋ ಒಂದರ ಮೇಲೆಯೇ ನಡೆಸುತ್ತೇನೆ.

ತಳದಿಂದ ಎಷ್ಟು ಎತ್ತರದಲ್ಲಿದ್ದೇವೆ ಅಂತ ಹೇಳುವುದು ಕೆಳಮುಖ ಸೋನಾರ್, ಶಬ್ದ ಬಿಟ್ಟು ಅದರ ಪ್ರತಿಧ್ವನಿ ಮರಳುವ ಹೊತ್ತಿನಿಂದ ದೂರ ಅಳೆಯುವಂಥದ್ದು. ಶಬ್ದದ ವೇಗ ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್. ಉಷ್ಣತೆ, ಉಪ್ಪಿನಂಶಗಳಿಗೆ ತಕ್ಕಂತೆ ಬದಲಾಗುತ್ತದೆ. ಆದರೆ ಸಣ್ಣ ಸೋನಾರ್‌ಗಳಲ್ಲಿ ಅದಕ್ಕಿಂತ ಕಾಡುವುದು ಕಿರಣದ ಅಗಲ. 30 ಡಿಗ್ರಿಯ ಕಿರಣ 10 ಮೀಟರ್ ಕೆಳಗೆ ಐದು ಮೀಟರಿಗೂ ಹೆಚ್ಚು ಅಗಲಕ್ಕೆ ಹರಡಿರುತ್ತದೆ, ಅದರಲ್ಲಿ ಮೊದಲು ಮರಳಿದ ಪ್ರತಿಧ್ವನಿಯೇ ಉತ್ತರ. ಇಳಿಜಾರಿನ ಮೇಲಿದ್ದರೆ ಅದು ಹೇಳುವುದು ನೇರ ಕೆಳಗಿನ ದೂರವನ್ನಲ್ಲ, ಹತ್ತಿರದ ದಿಣ್ಣೆಯದನ್ನು. ನೀರಿಗಿಳಿಸಿದ ಕೂಡಲೇ ಸೋನಾರ್ ಮುಖವನ್ನು ಬೆರಳಿನಿಂದ ಒಮ್ಮೆ ಸವರುವುದು ನನಗೆ ಅಭ್ಯಾಸ. ಅಂಟಿಕೊಂಡ ಗಾಳಿಗುಳ್ಳೆಗಳು ಶಬ್ದವನ್ನು ಅಲ್ಲೇ ತಡೆದುಬಿಡುತ್ತವೆ.

ಜಿಪಿಎಸ್ ನೀರಿನೊಳಗೆ ಸಿಗುವುದಿಲ್ಲ. ವೇಗದ ಬದಲಾವಣೆ ಅಳೆಯುವ ಆಕ್ಸಿಲರೋಮೀಟರಿನಿಂದಲೇ ಸ್ಥಾನ ಲೆಕ್ಕ ಹಾಕುತ್ತೇನೆ ಎನ್ನುವವರಿಗೆ ಒಂದು ಗುಣಾಕಾರ ಮಾಡಿ ತೋರಿಸುತ್ತೇನೆ: 0.01 ಮೀ/ಸೆ² ದೋಷವಿದ್ದರೆ ಒಂದೇ ನಿಮಿಷಕ್ಕೆ 18 ಮೀಟರ್ ತಪ್ಪು. ಡಾಪ್ಲರ್ ವೇಗಮಾಪಕ, ಅಂದರೆ ಡಿವಿಎಲ್, ಸಾಮಾನ್ಯವಾಗಿ ನಾಲ್ಕು ಕಿರಣ ಬಿಟ್ಟು ತಳಕ್ಕೆ ಹೋಲಿಸಿ ವೇಗವನ್ನೇ ಕೊಡುವುದರಿಂದ ತಪ್ಪು ನಿಧಾನವಾಗಿ ಬೆಳೆಯುತ್ತದೆ. ದುಬಾರಿ ಹೌದು, ತಳ ಕಿರಣದ ವ್ಯಾಪ್ತಿ ಮೀರಿದರೆ ಕುರುಡು ಹೌದು, ಆದರೂ ನನ್ನ ಓಟು ಅದಕ್ಕೇ.

ಕ್ಯಾಮೆರಾ ಬಗ್ಗೆ ಒಂದೇ ಮಾತು: ದೀಪವನ್ನು ಲೆನ್ಸಿನಿಂದ ದೂರ, ಪಕ್ಕಕ್ಕೆ ಹಾಕಿ. ಇಲ್ಲದಿದ್ದರೆ ನೀರಿನಲ್ಲಿ ತೇಲುವ ಕಣಗಳ ಹೊಳಪೇ ಚಿತ್ರವನ್ನೆಲ್ಲ ತುಂಬುತ್ತದೆ.

ಯಾರೂ ಹೊಗಳದ, ಆದರೆ ನಾನು ಬಿಟ್ಟುಕೊಡದ ಸೆನ್ಸರ್ ಇನ್ನೊಂದಿದೆ: ಎಲೆಕ್ಟ್ರಾನಿಕ್ಸ್ ಇರುವ ಡಬ್ಬಿಯೊಳಗಿನ ಗಾಳಿಯ ಒತ್ತಡ ಹೇಳುವಂಥದ್ದು. ಮುಚ್ಚಳ ಬಿಗಿದ ಮೇಲೆ ಹ್ಯಾಂಡ್ ಪಂಪಿನಿಂದ ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು, ಕಾಲು ಗಂಟೆ ಅಂಕಿಯನ್ನು ಗಮನಿಸುತ್ತೇನೆ. ಮುಚ್ಚಳದಲ್ಲಿ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಒ-ರಿಂಗ್, ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಒತ್ತಡ ಮೆಲ್ಲಗೆ ಏರುವುದು ಕಾಣಿಸಬಹುದು. ಉಷ್ಣತೆಯನ್ನೂ ಜೊತೆಗೆ ದಾಖಲಿಸಬೇಕು. ಡಬ್ಬಿ 35 ಡಿಗ್ರಿಯಿಂದ 20ಕ್ಕೆ ತಣ್ಣಗಾದರೆ ಸೋರಿಕೆಯಿಲ್ಲದೆಯೂ ಒತ್ತಡ ಶೇ. 5ರಷ್ಟು ಇಳಿಯುತ್ತದೆ, ಸಣ್ಣ ಸೋರಿಕೆಯನ್ನು ಅದು ಮುಚ್ಚಿಹಾಕಬಲ್ಲದು. ನೀರು ತಾಗಿದರೆ ಎಚ್ಚರಿಸುವ ಸ್ಪಂಜಿನ ಸೆನ್ಸರುಗಳನ್ನು ಡಬ್ಬಿಯ ಎರಡೂ ತುದಿಗಳ ತಗ್ಗಿನಲ್ಲಿ ಇಟ್ಟಿದ್ದೇನೆ. ಮುಚ್ಚುವ ಮುನ್ನ ಒದ್ದೆ ಬೆರಳು ತಾಗಿಸಿ ಅಲಾರಂ ಬರುತ್ತದೆಯೇ ನೋಡಿ, ಒರೆಸಿ ಒಣಗಿಸಿ, ಆಮೇಲೆ ಬಿಗಿಯುತ್ತೇನೆ.