ಬಾಖ್‌ನ ಬದುಕನ್ನು ಅವನ ಹುದ್ದೆಗಳ ಮೂಲಕ ಅರಿಯುವ ಬಗೆ

ಜರ್ಮನಿಯ ಚರ್ಚ್ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ರಚಿಸಿದ ಕೃತಿಗಳು ಸಾವಿರಕ್ಕೂ ಹೆಚ್ಚು. ಎಲ್ಲಿಂದ ಆರಂಭಿಸಬೇಕೆಂದು ತೋಚದೆ ಹೊಸ ಕೇಳುಗರು ಪ್ರಸಿದ್ಧವಾದ ಮೂರು ನಾಲ್ಕನ್ನು ಕೇಳಿ ಅಲ್ಲಿಗೇ ನಿಲ್ಲುವುದುಂಟು. ಅದರ ಬದಲು ಅವನು ದುಡಿದ ಊರುಗಳನ್ನು ಒಂದೊಂದಾಗಿ ಎತ್ತಿಕೊಂಡು, ಅಲ್ಲಿ ಸಂಬಳ ಕೊಡುತ್ತಿದ್ದವರು ಯಾರು, ಅವರು ಬಯಸಿದ್ದೇನು, ಅವನಿಗೆ ಒದಗಿದ ವಾದ್ಯಗಳೂ ಗಾಯಕರೂ ಎಂಥವರು ಎಂದು ವಿಚಾರಿಸಿ, ಆಮೇಲೆ ಆ ಊರಿನ ಸಂಗೀತಕ್ಕೆ ಕಿವಿಗೊಡಿ. ಬಾಖ್‌ನ ಕೃತಿಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಕೊಟ್ಟಿರುವ ಬಿ.ಡಬ್ಲ್ಯೂ.ವಿ. ಸಂಖ್ಯೆಯನ್ನು ಮಾತ್ರ ಕಾಲಾನುಕ್ರಮವೆಂದು ಭಾವಿಸಬೇಡಿ; ಆ ಪಟ್ಟಿ ಕೃತಿಗಳನ್ನು ಪ್ರಕಾರಗಳಿಗೆ ಅನುಸಾರವಾಗಿ ಜೋಡಿಸುತ್ತದೆ. ಅದರಲ್ಲಿ ಮೊದಲನೆಯದಾದ ಕ್ಯಾಂಟಾಟಾ (ಗಾಯಕರೂ ವಾದ್ಯಗಳೂ ಸೇರಿ ನಡೆಸುವ, ಹಲವು ಭಾಗಗಳ ಗಾಯನಕೃತಿ) ಹುಟ್ಟಿದ್ದು 1725ರಲ್ಲಿ.

ಬಾಲ್ಯವನ್ನು ಬೇಗ ಓದಿ ಮುಗಿಸಬಹುದು. ಐಸೆನಾಖ್‌ನಲ್ಲಿ ಹುಟ್ಟಿದ ಅವನು ಹತ್ತು ತುಂಬುವ ಮೊದಲೇ ತಂದೆತಾಯಿಯರನ್ನು ಕಳೆದುಕೊಂಡು, ಆರ್ಗನ್ ವಾದಕನಾಗಿದ್ದ ಅಣ್ಣನ ಮನೆಯಲ್ಲಿ ಬೆಳೆದ. 1703ರಲ್ಲಿ ಆರ್ನ್‌ಷ್ಟಾಟ್‌ನ ಚರ್ಚಿನಲ್ಲಿ ಆರ್ಗನ್ ವಾದಕನಾದ. ಎರಡು ವರ್ಷಗಳ ಬಳಿಕ ನಾಲ್ಕು ವಾರಗಳ ರಜೆ ಪಡೆದು, ಹೆಸರಾಂತ ಆರ್ಗನ್ ವಾದಕ ಬುಕ್ಸ್ಟೆಹುಡೆಯ ಸಂಗೀತ ಕೇಳಲೆಂದು ದೂರದ ಲ್ಯೂಬೆಕ್‌ಗೆ ಹೋದವನು ತಿಂಗಳುಗಟ್ಟಲೆ ಅಲ್ಲೇ ಉಳಿದು, ಮರಳಿದಾಗ ಚರ್ಚಿನ ಆಡಳಿತದವರ ಆಕ್ಷೇಪಕ್ಕೆ ಗುರಿಯಾದ.

ಹುದ್ದೆಗೂ ಕೃತಿಗೂ ಇರುವ ನಂಟು ನಿಚ್ಚಳವಾಗಿ ಕಾಣುವುದು ವೈಮಾರ್ ಮತ್ತು ಕೋಥೆನ್‌ಗಳನ್ನು ಅಕ್ಕಪಕ್ಕ ಇಟ್ಟಾಗ. ವೈಮಾರ್‌ನ ಆಸ್ಥಾನದಲ್ಲಿ ಆರ್ಗನ್ ವಾದಕನಾಗಿದ್ದ ಅವನು ಆ ವಾದ್ಯದ ಬಹುಪಾಲು ರಚನೆಗಳನ್ನು ಅಲ್ಲೇ ಬರೆದ. 1717ರಲ್ಲಿ ಸೇರಿದ ಕೋಥೆನ್‌ನ ಆಸ್ಥಾನವು ಕ್ಯಾಲ್ವಿನ್ ಪಂಥಕ್ಕೆ ಸೇರಿದ್ದರಿಂದ ಅಲ್ಲಿನ ಆರಾಧನೆಯಲ್ಲಿ ವಿಸ್ತಾರವಾದ ಸಂಗೀತಕ್ಕೆ ಎಡೆಯಿರಲಿಲ್ಲ. ವಾದ್ಯಗಳಿಗಷ್ಟೇ ಬರೆದ ಬ್ರಾಂಡೆನ್‌ಬರ್ಗ್ ಕನ್ಸರ್ಟೋಗಳೂ ಒಂಟಿ ಪಿಟೀಲಿನ ರಚನೆಗಳೂ ಆ ವರ್ಷಗಳೊಂದಿಗೆ ಹೊಂದಿಕೊಂಡಿವೆ.

ಹೆಚ್ಚಿನ ಸಮಯವನ್ನು ಲೈಪ್‌ಜಿಗ್‌ಗೆ ಮೀಸಲಿಡಿ. 1723ರಲ್ಲಿ ಸಂತ ಥಾಮಸ್ ಶಾಲೆಯ ಕ್ಯಾಂಟರ್ (ಸಂಗೀತದ ಮುಖ್ಯಸ್ಥ) ಆದ ಬಾಖ್, ಶಾಲೆಯ ಹುಡುಗರಿಗೆ ಹಾಡುಗಾರಿಕೆ ಕಲಿಸುತ್ತ, ನಗರದ ಮುಖ್ಯ ಚರ್ಚುಗಳಿಗೆ ಸಂಗೀತ ಒದಗಿಸಬೇಕಾಗಿತ್ತು. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಕ್ಯಾಂಟಾಟಾ ಸಿದ್ಧವಾಗುತ್ತಿತ್ತು. ಅದರ ಸಾಹಿತ್ಯವು ಸಾಮಾನ್ಯವಾಗಿ ಆ ದಿನದ ಸುವಾರ್ತಾ ವಾಚನಕ್ಕೆ ಹೊಂದಿಕೊಂಡಿರುತ್ತಿದ್ದುದರಿಂದ, ಕೇಳುವ ಮುನ್ನ ಆ ಭಾಗವನ್ನು ತಪ್ಪದೆ ಓದಿ.

ಉದಾಹರಣೆಗೆ 140ನೆಯ ಸಂಖ್ಯೆಯ ಕ್ಯಾಂಟಾಟಾವನ್ನೇ ನೋಡಿ. ಅದನ್ನು ಬರೆದದ್ದು ಈಸ್ಟರ್ ಆಗಿ ಎಂಟು ವಾರಗಳಿಗೆ ಬರುವ ತ್ರಿತ್ವದ ಹಬ್ಬದ ನಂತರದ 27ನೆಯ ಭಾನುವಾರಕ್ಕಾಗಿ. ಈಸ್ಟರ್ ಬಹಳ ಬೇಗ ಬಂದ ವರ್ಷಗಳಲ್ಲಷ್ಟೇ ಇರುವ ಆ ಭಾನುವಾರವು 1731ರಲ್ಲಿ ನವೆಂಬರ್ 25ರಂದು ಬಿತ್ತು. ಅಂದಿನ ವಾಚನ ಹತ್ತು ಮಂದಿ ಕನ್ಯೆಯರ ಸಾಮ್ಯ. ಮೊದಲು ಕೊನೆಯ ಭಾಗವನ್ನು ಕೇಳಿ, ಈ ಕ್ಯಾಂಟಾಟಾಕ್ಕೆ ಆಧಾರವಾದ, ನಿಕೊಲಾಯ್ ರಚಿಸಿದ ಸ್ತುತಿಗೀತೆಯ ಧಾಟಿ ಬಾಯಿಗೆ ಹತ್ತುವವರೆಗೆ ಗುನುಗಿಕೊಳ್ಳಿ. ಬಳಿಕ ನಾಲ್ಕನೆಯ ಭಾಗಕ್ಕೆ ಬಂದರೆ, ತಂತಿವಾದ್ಯಗಳು ತಮ್ಮದೇ ರಾಗವನ್ನು ಹರಿಸುತ್ತಿರುವಾಗ ಟೆನರ್ (ಗಂಡಸರ ಎತ್ತರದ) ದನಿಯು ಅದೇ ಧಾಟಿಯನ್ನು ನಡುನಡುವೆ ತಂದು ಸೇರಿಸುವುದು ತಿಳಿಯುತ್ತದೆ. ಕಡೆಯಲ್ಲಿ ಆರಂಭದ ಕೋರಸ್ ಕೇಳಿ; ಅಲ್ಲಿ ಅತಿ ಎತ್ತರದ ದನಿಯ ಸೊಪ್ರಾನೊಗಳು ಆ ಧಾಟಿಯನ್ನು ದೀರ್ಘ ಸ್ವರಗಳಲ್ಲಿ ಹಿಡಿದಿರುತ್ತಾರೆ. ಭಾನುವಾರಕ್ಕೆಂದು ಬರೆದ ಸಂಗೀತ ಇಷ್ಟು ಗಟ್ಟಿಯಾಗಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇದರ ಜೊತೆಗೆ, 1730ರ ಅಕ್ಟೋಬರ್ 28ರಂದು ಬಾಖ್ ತನ್ನ ಹಳೆಯ ಗೆಳೆಯ ಏರ್ಡ್‌ಮನ್‌ಗೆ ಬರೆದ ಪತ್ರವನ್ನು ಓದಿ. ಅವನ ವರಮಾನ ವರ್ಷಕ್ಕೆ ಸುಮಾರು 700 ಥಾಲರ್ (ಅಂದಿನ ಬೆಳ್ಳಿ ನಾಣ್ಯ). ಊರಿನಲ್ಲಿ ಆರೋಗ್ಯಕರ ಗಾಳಿ ಬೀಸಿ, ಸಂಗೀತಕ್ಕೆ ಹಣ ಸಿಗುವ ಶವಸಂಸ್ಕಾರಗಳು ಕಡಿಮೆಯಾದರೆ ಆದಾಯವೂ ತಗ್ಗುತ್ತದೆ, ಹಿಂದಿನ ವರ್ಷ ಹೀಗೆ 100 ಥಾಲರ್‌ಗೂ ಹೆಚ್ಚು ಖೋತಾ ಆಯಿತು ಎಂದು ಅವನು ಅದರಲ್ಲಿ ಲೆಕ್ಕ ಒಪ್ಪಿಸುತ್ತಾನೆ.

ಚರ್ಚಿನ ಲ್ಯಾಟಿನ್ ಪ್ರಾರ್ಥನೆಗಳಿಗೆ ಸಂಗೀತ ಕೂಡಿಸಿದ ಬಿ ಮೈನರ್ ಮಾಸ್ ಅನ್ನು ಕೊನೆಗೆ ಉಳಿಸಿಕೊಳ್ಳಿ. ಬದುಕಿನ ಕಡೆಯ ವರ್ಷಗಳಲ್ಲಿ ಅವನು ಹಳೆಯ ರಚನೆಗಳನ್ನು ತಿದ್ದಿ, ಹೊಸದನ್ನು ಸೇರಿಸಿ ಪೂರ್ಣಗೊಳಿಸಿದ ಈ ಕೃತಿಯ ಇಡೀ ರೂಪವು ಕ್ಯಾಂಟರ್ ಹುದ್ದೆಯ ಕೆಲಸಕ್ಕೆ ಬೇಕಾದುದಲ್ಲ. 1714ರ ವೈಮಾರ್‌ನ 12ನೆಯ ಕ್ಯಾಂಟಾಟಾದ ಮೊದಲ ಕೋರಸ್ ಅನ್ನು ಮೊದಲು ಕೇಳಿ, ಕೂಡಲೇ ಅದನ್ನೇ ತಿದ್ದಿ ಮಾಡಿದ, ಈ ಮಾಸ್‌ನ ಕ್ರೂಸಿಫಿಕ್ಸಸ್ (ಯೇಸುವನ್ನು ಶಿಲುಬೆಗೇರಿಸಿದ್ದನ್ನು ಹೇಳುವ) ಭಾಗವನ್ನು ಕೇಳಿದರೆ, ತನ್ನ ಯೌವನದ ಸಂಗೀತಕ್ಕೆ ಅವನು ಏನನ್ನು ಕೂಡಿಸಿದ, ಏನನ್ನು ಹಾಗೆಯೇ ಉಳಿಸಿಕೊಂಡ ಎಂಬುದನ್ನು ನೀವೇ ಗುರುತಿಸಬಹುದು.